ಹಿಂದಿನ ಕೋಣೆಯ ನೆಲ

ಕುಬೇರನನ್ನು ಮಣ್ಣು ಮಾಡಿ ಬಂದ ಐದನೆಯ ದಿನ ಬೆಳಿಗ್ಗೆ ಆರು ಹತ್ತಕ್ಕೆ ನಲ್ಲಿಯಲ್ಲಿ ನೀರು ಬಂತು. ಮೊದಲು ಗಾಳಿ ಸುಂಯ್ ಅಂದಿತು, ಎರಡು ಸಲ ಕೆಮ್ಮಿದ ಹಾಗಾಯಿತು, ಆಮೇಲೆ ನೀರು. ಊರಿನ ನೀರಿನ ಟ್ಯಾಂಕಿನಲ್ಲಿ ನಮ್ಮ ಬೀದಿಯ ವಾಲ್ವ್ ತಿರುಗಿಸುತ್ತಿದ್ದವನು ಅವನೇ, ನನ್ನ ಗಂಡ. ಈಗ ಬೇರೆ ಯಾರೋ ತಿರುಗಿಸಿದ್ದರು. ಒಂದು ನಿಮಿಷವೂ ತಡವಾಗಿರಲಿಲ್ಲ. ನೆಂಟರೆಲ್ಲ ಹಿಂದಿನ ದಿನವೇ ಹೊರಟುಹೋಗಿದ್ದರು. ಮನೆಯಲ್ಲಿ ಉಳಿದವರು ಅತ್ತೆ ಹಾಲಮ್ಮ ಮತ್ತು ನಾನು. ನಾನು ಕೊಡ ಹಿಡಿದೆ. ತುಂಬಿತು. ಇನ್ನೊಂದು ಹಿಡಿದೆ.

ಅತ್ತೆ ಒಲೆಯ ಮೇಲೆ ಹಾಲಿಟ್ಟು, ಉರಿ ಸಣ್ಣ ಮಾಡಿ, "ಒಂದ್ ಗಳಿಗೆ ಹಾಲು ನೋಡ್ಕೊ ನಳಿನಿ, ಅತ್ತು ಬರ್ತೀನಿ" ಎಂದು ಅಂಗಳಕ್ಕೆ ಹೋದರು.

ಕಡಪ ಕಲ್ಲಿನ ಮೇಲೆ ನಿಂತವರಿಗೆ ಕಣ್ಣೀರು ಬರುವುದಿಲ್ಲ. ನಮ್ಮ ಮನೆಯಲ್ಲಿ ಬೀದಿ ಬಾಗಿಲಿಂದ ಹಿತ್ತಲ ಬಾಗಿಲವರೆಗೆ ಕಡಪವೇ. ತೀರಿಹೋದ ಮಾವ ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸಕ್ಕಿದ್ದರು. ಹಗಲೆಲ್ಲ ಅಳು ಕೇಳಿ ಸಾಕಾಗಿ, ಮನೆಯಲ್ಲಾದರೂ ಬೇಡವೆಂದು ಹಾಸಿಸಿದ್ದರಂತೆ. ಅಂಗಳ ಮಾತ್ರ ಬರೀ ಮಣ್ಣು. ಬರೀ ಮಣ್ಣು ಯಾರನ್ನೂ ಏನೂ ಮಾಡುವುದಿಲ್ಲ. ಅತ್ತೆ ದಿನಕ್ಕೆ ಮೂರು ಸಲ ಅಲ್ಲಿಗೆ ಹೋಗಿ, ತುಳಸಿಕಟ್ಟೆಯ ಪಕ್ಕ ನಿಂತು ಮಗನಿಗಾಗಿ ಅತ್ತು, ಮುಖ ತೊಳೆದುಕೊಂಡು ಒಳಗೆ ಬಂದು ಬಿಟ್ಟ ಕೆಲಸ ಹಿಡಿಯುತ್ತಿದ್ದರು. ಮಧ್ಯಾಹ್ನದ ಅಳು ಚಿಕ್ಕದು, ಆ ಹೊತ್ತಿಗೆ ಅಂಗಳ ಕಾದು ಕಾಲು ಸುಡುತ್ತದೆ.

ನನಗೆ ಅಂಗಳದಲ್ಲೂ ಅಳು ಬರಲಿಲ್ಲ.

ಈ ಊರಿನಲ್ಲಿ ಸಾವಿನ ಮನೆಗೆ ಬರುವವರು ಒಂದೊಂದು ತುಂಡು ನೆಲ ತರುತ್ತಾರೆ. ಒಂದೂವರೆ ಅಡಿಯ ಚೌಕ, ಎರಡು ಪಾದ ಊರುವಷ್ಟು. ನೆಲ ಹಾಕಿಸುವಾಗ ಎಲ್ಲರೂ ಒಂದು ಚಪ್ಪಡಿ ಹೆಚ್ಚಿಗೆ ಮಾಡಿಸಿ ಗೋಡೆಗೆ ಒರಗಿಸಿಟ್ಟಿರುತ್ತಾರೆ. ಅಕ್ಕಪಕ್ಕದವರು ಸಕ್ಕರೆ ಕೇಳಿದ ಹಾಗೆ ಕೇಳಿ ಒಯ್ಯುತ್ತಾರೆ. ನಮ್ಮ ಮನೆಗೂ ಬಂದವು. ಎದುರುಮನೆಯ ಹೆಡ್‌ಮಾಸ್ಟರು ಮೊಸಾಯಿಕ್ ತಂದರು. ಅದರ ಮೇಲೆ ನಿಂತರೆ ನಗು ಬರುತ್ತದೆ. ಆದ್ದರಿಂದ ಟವೆಲಿನಲ್ಲಿ ಮುಚ್ಚಿ ತಂದು, "ಈಗ ಬೇಡಮ್ಮ, ಆರು ತಿಂಗಳು ಹೋಗ್ಲಿ" ಎಂದು ಸಂಕೋಚದಿಂದ ಮೂಲೆಯಲ್ಲಿಟ್ಟರು. ಬಡಗಿಯ ಮನೆಯಿಂದ ಸಾಗುವಾನಿ ಹಲಗೆ ಬಂತು, ನಿದ್ದೆಗೆ. ಬಟ್ಟೆ ಅಂಗಡಿಯವರು ಹೊಳೆಯುವ ಟೈಲ್ಸ್ ಕಳಿಸಿದರು. ಅದರ ಮೇಲೆ ನಿಂತವರಿಗೆ ಬಂದ ಕೆಲಸ ಮರೆಯುತ್ತದೆ. ಅವರ ಅಂಗಡಿಗೆ ಗುಂಡಿ ತರಲು ಹೋದವರು ಮೂರು ಸೀರೆ ಹೊತ್ತು ಬರುವುದು ಹಾಗೆಯೇ. ಹಾಲು ಹಾಕುವ ಸಾಕಮ್ಮ ಮೊರದ ತುಂಬ ಮಣ್ಣು ಮೆತ್ತಿ, ಸಗಣಿ ಸಾರಿಸಿ ತಂದಳು. ಅದರ ಮೇಲೆ ಸಿಟ್ಟು ನಿಲ್ಲುವುದಿಲ್ಲ. "ದೇವ್ರ ಮ್ಯಾಲೆ ಸಿಟ್ಟು ಬಂದಾಗ ಇದ್ರ ಮ್ಯಾಲೆ ನಿಂತ್ಕಳವ್ವ, ಆವಯ್ಯಂಗೂ ಸುಖ, ನಿಂಗೂ ಸುಖ" ಎಂದಳು.

ಕೆಂಪು ಗಾರೆ ಮಾತ್ರ ಯಾರೂ ತರಲಿಲ್ಲ. ಅದರ ಮೇಲೆ ನಿಂತವರ ಬಾಯಿಂದ ಸುಳ್ಳು ಹೊರಡುವುದಿಲ್ಲ. ಸಾವಿನ ಮನೆಗೆ ಅದನ್ನು ತರುವಷ್ಟು ನಿರ್ದಯಿಗಳು ಇಲ್ಲಿಲ್ಲ.

ಮೊಸಾಯಿಕ್ ಒಂದು ಬಿಟ್ಟು, ತಂದ ಎಲ್ಲದರ ಮೇಲೂ ನನ್ನನ್ನು ನಿಲ್ಲಿಸಿದರು. ನಿದ್ದೆ ಬಂತು. ಮರೆವು ಬಂತು. ಅಳು ಬರಲಿಲ್ಲ. "ಮೂರು ವರ್ಷ ಕಡಪದ ಮ್ಯಾಲೆ ಓಡಾಡವ್ಳೆ. ಹಿಮ್ಮಡಿಗೆ ಇಳಿದೈತೆ" ಎಂದು ಸಾಕಮ್ಮ ತೀರ್ಪು ಕೊಟ್ಟಳು. ಎಲ್ಲರಿಗೂ ಸರಿಯೆನಿಸಿತು. ಅತ್ತೆ ಹುಣಸೆಹಣ್ಣಿಗೆ ಕಲ್ಲುಪ್ಪು ಸೇರಿಸಿ, ನನ್ನ ಕಾಲನ್ನು ಮಡಿಲಲ್ಲಿಟ್ಟುಕೊಂಡು, ಹಿತ್ತಾಳೆ ಚೊಂಬು ತಿಕ್ಕುವ ಹಾಗೆ ಹಿಮ್ಮಡಿ ತಿಕ್ಕಿದರು. ಬೇಡವೆಂದರೂ ಬಿಡಲಿಲ್ಲ.

"ನೋವಾಯ್ತಾ?"

"ಇಲ್ಲ ಅತ್ತೆ."

"ಆಗ್ಬೇಕು. ತಡಿ, ಇನ್ನೊಂದ್ಸಲ ತಿಕ್ತೀನಿ."

ನಾನು ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದವಳು, ಬೇರೆ ಊರಿನವಳು. ಮದುವೆಯಾಗಿ ಬಂದ ಹೊಸದರಲ್ಲಿ, ಕಡಪ ಎಂದರೆ ಬರೀ ಸುಣ್ಣದ ಕಲ್ಲು, ಅದಕ್ಕೂ ಕಣ್ಣೀರಿಗೂ ಸಂಬಂಧವಿಲ್ಲ ಎಂದು ಅತ್ತೆಗೆ ವಿವರಿಸಿದ್ದೆ. ಅವರು ಪೂರ್ತಿ ಕೇಳಿಸಿಕೊಂಡು, ಈರುಳ್ಳಿ ಕೊಟ್ಟು, "ಹೆಚ್ಚು" ಎಂದರು. ಹತ್ತು ಈರುಳ್ಳಿ ಹೆಚ್ಚಿದೆ. ಕಣ್ಣು ಒಣಗಿಯೇ ಇತ್ತು. ಮತ್ತೆ ಆ ಮಾತು ಎತ್ತಲಿಲ್ಲ.

ಈಗ ಎಲ್ಲರೂ ಕಲ್ಲಿನ ಮೇಲೆ ತಪ್ಪು ಹೊರಿಸುತ್ತಿದ್ದರು. ನನಗದು ಅನುಕೂಲವೇ. ಆದರೆ ಅಂಗಳದಲ್ಲಿ ಕಲ್ಲಿರಲಿಲ್ಲ. ಹಿರಿಯರು ನೋಡಿ ಒಪ್ಪಿಸಿದ ಮದುವೆ ನಮ್ಮದು. ಅವನು ನಾಲ್ಕು ದಿನದ ಜ್ವರದಲ್ಲಿ ಹೋದ. ನಾನು ಔಷಧ ಕೊಟ್ಟೆ, ಹಣೆಗೆ ಒದ್ದೆ ಬಟ್ಟೆ ಹಾಕಿದೆ, ಹೋದ ಮೇಲೆ ಹಾಸಿಗೆ ಒಗೆದೆ. ಅಷ್ಟೂ ಮಾಡಿದ್ದು ಕೈ. ಒಳಗೆ ಏನೂ ಅಲ್ಲಾಡಲಿಲ್ಲ. ಅವನ ಮೇಲೆ ನನಗೆ ಪ್ರೀತಿಯೇ ಇರಲಿಲ್ಲವೇನೋ, ಇದ್ದದ್ದು ಬರೀ ರೂಢಿಯೇನೋ ಎಂಬ ಭಯ ಹತ್ತಿಕೊಂಡಿತು. ಅದನ್ನು ಯಾರಿಗೂ ಹೇಳಲಿಲ್ಲ. ಹಿಮ್ಮಡಿ ಒಡ್ಡಿಕೊಂಡು ಕೂತೆ.

ಆ ಐದನೆಯ ದಿನ ಹಾಲು ಉಕ್ಕುವ ಮುಂಚೆ ಇಳಿಸಿದೆ. ಅಷ್ಟರಲ್ಲಿ ಮೌಲಾಲಿ ಮೇಸ್ತ್ರಿ ಬಂದ. ನೆಲ ಹಾಕುವುದರಲ್ಲಿ ಊರಿಗೆ ಅವನೊಬ್ಬನೇ. ಅಂಗಳದಲ್ಲಿ ಅಳುತ್ತಿದ್ದ ಅತ್ತೆಯನ್ನು ಕಂಡು, ಚಪ್ಪಲಿ ಬಿಟ್ಟು, ಅವರ ಅಳು ಮುಗಿಯುವವರೆಗೆ ಬೇಲಿಯ ಕಡೆ ತಿರುಗಿ ನಿಂತ. ಆಮೇಲೆ ಬಾಗಿಲಿಗೆ ಬಂದು ನನ್ನನ್ನು ಕರೆದ.

"ಈ ಟೈಮ್‌ನಲ್ಲಿ ಕೇಳ್ಬಾರ್ದು ಬೇಟಾ. ಗುರುವಾರ ನಿಮ್ ಸರದಿ. ಎಂಟು ತಿಂಗಳ ಹಿಂದೆ ಕುಬೇರ ಹೆಸರು ಬರೆಸಿದ್ದ. ಈಗ ಸಾಲು ಬೆಳೆದಿದೆ, ತಪ್ಪಿದ್ರೆ ಇನ್ನೆರಡು ವರ್ಷ. ಹಿಂದಿನ ಕೋಣೆಗೆ ಏನ್ ಹಾಕ್ಲಿ?"

"ಹೇಳ್ತೀನಿ."

"ಎಂಟು ತಿಂಗಳಿಂದ ನೀವಿಬ್ರೂ ಅದನ್ನೇ ಹೇಳಿದೀರಿ" ಎಂದ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಹಿಂದಿನ ಕೋಣೆ ನಮಗೆಂದು ಕಟ್ಟಿಸಿದ್ದು. ಗೋಡೆ ಎದ್ದಿತ್ತು, ಸೂರು ಬಿದ್ದಿತ್ತು, ಕಿಟಕಿಗೆ ಬಣ್ಣವೂ ಆಗಿತ್ತು. ನೆಲ ಮಾತ್ರ ಮಣ್ಣು ಹರವಿ ದಮ್ಮಸ್ಸು ಹಾಕಿದ ಹಾಗೆಯೇ ನಿಂತಿತ್ತು. ನಾನು ಕೆಂಪು ಗಾರೆ ಬೇಕೆನ್ನುತ್ತಿದ್ದೆ. ಅವನು ಮೊಸಾಯಿಕ್. ಟ್ಯಾಂಕಿನಿಂದ ಸಂಜೆ ಬಂದು, ಚಹಾದ ಲೋಟ ಹಿಡಿದು ಸೀದಾ ಆ ಕೋಣೆಗೆ ಹೋಗುತ್ತಿದ್ದ. ಅಳತೆ ನೋಡಬೇಕು ಬಾ ಎಂದು ನನ್ನನ್ನು ಕೂಗುತ್ತಿದ್ದ. ಅಳತೆ ಎಂದೋ ಆಗಿತ್ತು, ಹತ್ತಕ್ಕೆ ಹನ್ನೆರಡು. ಆದರೂ ಟೇಪಿನ ಒಂದು ತುದಿ ನಾನು ಹಿಡಿಯಬೇಕು, ಇನ್ನೊಂದು ಅವನು.

"ಕೆಂಪು ಗಾರೆ ಹಾಕಿಸಿದ್ರೆ ನಿನ್ನ ಸಾರು ಹೆಂಗೆ ಹೊಗಳ್ಲಿ?" ಎನ್ನುತ್ತಿದ್ದ.

"ಚೆನ್ನಾಗಿಲ್ಲ ಅಂದ್ರೆ ಚೆನ್ನಾಗಿಲ್ಲ ಅನ್ನಿ."

"ಮಲಗೋ ಕೋಣೇಲಿ ಕೋರ್ಟು ಬೇಡ ಕಣೇ ಮಾರಾಯ್ತಿ. ಮೊಸಾಯಿಕ್ ಹಾಕ್ಸಣ. ಬೆಳಿಗ್ಗೆ ಎದ್ದು ಕಾಲಿಟ್ರೆ ನಗು."

"ಕಾರಣ ಇಲ್ದೆ ನಗೋರನ್ನ ಎಲ್ಲಿಗೆ ಸೇರಿಸ್ತಾರೆ ಗೊತ್ತಾ?"

"ಗೊತ್ತು. ಅಲ್ಲಿ ಮರದ ನೆಲ. ಒಳ್ಳೇ ನಿದ್ದೆ ಬರುತ್ತಂತೆ."

ಎಷ್ಟೋ ಸಂಜೆ ಹೀಗೆಯೇ ಹೋದವು. ಚಹಾ ಆರುತ್ತಿತ್ತು. ಅತ್ತೆ ಹಜಾರದಿಂದ "ಇನ್ನೂ ಮುಗೀಲಿಲ್ವೇನ್ರೋ ನಿಮ್ ಅಳತೆ?" ಎಂದು ಕೂಗುತ್ತಿದ್ದರು.

ಆ ಕೆಂಪು ಗಾರೆಯ ಹಟಕ್ಕೆ ನನಗೊಂದು ಕಾರಣವಿತ್ತು. ಅವನು ಎಲ್ಲದಕ್ಕೂ ತಮಾಷೆ ಮಾಡುತ್ತಿದ್ದ. ಒಂದು ದಿನವಾದರೂ ಅವನನ್ನು ಸುಳ್ಳು ಹೇಳಲಾಗದ ಜಾಗದಲ್ಲಿ ನಿಲ್ಲಿಸಿ, ನಾನು ನಿಮಗೆ ಇಷ್ಟವೇ ಎಂದು ಕೇಳಬೇಕೆಂದಿತ್ತು. ಕೇಳಲಿಲ್ಲ.

ಗುರುವಾರ ಹತ್ತಿರವಾದಂತೆ ನೆಲದ ಮಾತು ಎಲ್ಲರಿಗೂ ಹತ್ತಿತು. "ಕಡಪವೇ ಹಾಕಿಸು. ಕಣ್ಣು ಒಣಗಿದ್ರೆ ಸಂಸಾರ ನಡೀತದೆ. ನಾನು ನಿಮ್ ಮಾವ ಹೋದಾಗ ನಡೆಸಲಿಲ್ವಾ?" ಎಂದರು ಅತ್ತೆ. ನನ್ನ ಅಮ್ಮ ಫೋನಿನಲ್ಲಿ ಮರ ಎಂದಳು, ಅವಳಿಗೆ ನನ್ನ ನಿದ್ದೆಯದೇ ಚಿಂತೆ. ಹೆಡ್‌ಮಾಸ್ಟರು ಮಧ್ಯದ ದಾರಿ ಹುಡುಕಿದರು, ನಾಲ್ಕು ಮೂಲೆಗೆ ನಾಲ್ಕು ಬಗೆ. ಸಾಕಮ್ಮ ಅದಕ್ಕೆ, "ಏನ್ ಮೇಷ್ಟ್ರೇ, ಆ ಹುಡುಗಿ ಕಸ ಗುಡಿಸುವಾಗ ಒಂದು ಮೂಲೇಲಿ ನಗ್ತಾ, ಇನ್ನೊಂದು ಮೂಲೇಲಿ ನಿದ್ದೆ ಹೊಡೀತಾ ಹೋಗ್ಲಾ?" ಎಂದಳು. ಎಲ್ಲರೂ ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದರು. ನಾನು ಪುಸ್ತಕದಲ್ಲಿ ಕೋಣೆಯ ನಕ್ಷೆ ಬರೆದೆ, ಹತ್ತಕ್ಕೆ ಹನ್ನೆರಡು. ಒಳಗೆ ಏನೂ ಬರೆಯಲಿಲ್ಲ.

ಬುಧವಾರ ಟ್ಯಾಂಕಿನ ಕಾವಲುಗಾರ ತಿಪ್ಪಜ್ಜ ಹೇಳಿಕಳಿಸಿದ. ಕುಬೇರನ ಸಾಮಾನು ಒಯ್ಯಬೇಕಂತೆ, ಹೊಸಬನಿಗೆ ಜಾಗ ಬೇಕಂತೆ. ಹೋದೆ. ವಾಲ್ವ್ ಕೋಣೆ ಟ್ಯಾಂಕಿನ ಕೆಳಗೆ, ತಣ್ಣಗೆ, ಮಣ್ಣಿನ ನೆಲ. ಒಂದು ಛತ್ರಿ, ಒಂದು ಊಟದ ಡಬ್ಬಿ, ಉಪ್ಪಿನಕಾಯಿ ಬಾಟಲಿ. ಅವನ್ನೆಲ್ಲ ಚೀಲಕ್ಕೆ ಹಾಕಿದೆ. ಆಗ ಅಜ್ಜ ಪೈಪುಗಳ ಸಂದಿಯಿಂದ ಗೋಣಿ ಸುತ್ತಿದ ಏನನ್ನೋ ಎಳೆದ.

"ಇದು ಆಫೀಸಿಂದಲ್ಲ, ನಿಮ್ದೂ ಅಲ್ಲ. ನರ್ಸಮ್ಮಂದು."

ಗೋಣಿ ಬಿಚ್ಚಿದೆ. ಕೆಂಪು ಗಾರೆಯ ಚಪ್ಪಡಿ.

ನರ್ಸಮ್ಮ ಎಂದರೆ ರೇಚಲಮ್ಮ. ಮಾವ ಇದ್ದ ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತರಾದವರು, ನಮ್ಮ ಬೀದಿಯ ಕೊನೆಯ ಮನೆ.

"ನಮ್ಮನೆಯವ್ರು ಇದನ್ನ ಯಾಕೆ ತಂದಿದ್ರು ಅಜ್ಜ?"

"ಬ್ಯಾಡ ಬಿಡವ್ವ. ಸತ್ತೋನ ಗುಟ್ಟು."

"ಹೇಳಿ ಅಜ್ಜ."

ಅಜ್ಜ ಬೀಡಿ ಹಚ್ಚಲು ಹೋಗಿ, ಹಚ್ಚದೆ ಕಿವಿಗೆ ಸಿಕ್ಕಿಸಿಕೊಂಡ. "ಎರಡು ತಿಂಗಳಾಯ್ತು. ದಿನಾ ಬೆಳಿಗ್ಗೆ ನಿಮ್ ಬೀದಿಗೆ ನೀರು ಬಿಟ್ಟು, ಇದನ್ನ ಹಾಸ್ಕಂಡು ನಿಂತ್ಕಳೋನು. ನಿಂತು, ನಂಗೆ ಮೊಸಾಯಿಕ್ ಬೇಕು ಅಂತ ಹೇಳಾಕೆ ನೋಡೋನು. ಬರ್ತಿರ್ಲಿಲ್ಲ. ಮೀನಿನಂಗೆ ಬಾಯಿ ಬಿಡೋನು, ಮುಚ್ಚೋನು. ನಂಗೆ ನಗು."

"ಬರ್ತಿರ್ಲಿಲ್ವಾ?"

"ಒಂದಿನಾನೂ ಬರ್ಲಿಲ್ಲ. ಸರಿ, ಹಂಗಾರೆ ನಿನ್ನ ಹೆಂಡ್ತಿ ಹೇಳಿದ್ದೇ ಹಾಕ್ಸೋ ಮಾರಾಯ ಅಂದೆ. ಆಗ, ನಂಗೆ ಕೆಂಪು ಗಾರೆ ಬೇಕು ಅನ್ನಾಕೆ ನೋಡ್ದ. ಅದೂ ಬರ್ಲಿಲ್ಲ. ಕಡೇಗೆ ಏನ್ ಬಂತು ಗೊತ್ತೇನವ್ವ? ಮೇಸ್ತ್ರಿ ಬರೋದೇ ಬೇಡ ಅಂತು ಬಾಯಿ. ಸಲೀಸಾಗಿ. ಅವನೇ ಬೆಚ್ಚಿಬಿದ್ದು ನನ್ನ ಮುಖ ನೋಡ್ದ. ನೆಲ ಬಿದ್ರೆ ಅಳತೆ ನಿಂತೋಗ್ತದಲ್ಲ ಅಜ್ಜ ಅಂದ. ನಂಗೇನ್ ತಿಳೀತದೆ? ಯಾವ್ ಅಳತೆನೋ ಏನೋ. ಆದ್ರೂ ದಿನಾ ಬಂದು ನಿಂತು ಅದೊಂದು ಮಾತು ಹೇಳಿ ಇಳಿಯೋನು. ಸಂಧ್ಯಾವಂದನೆ ಮಾಡ್ದಂಗೆ."

ನಾನು ಚಪ್ಪಡಿಯನ್ನು ಮತ್ತೆ ಗೋಣಿಯಲ್ಲಿ ಸುತ್ತಿದೆ. ಭಾರವಿತ್ತು. ಮೂರು ಕಡೆ ಇಳಿಸಿ, ಸುಧಾರಿಸಿಕೊಂಡು ಮನೆಗೆ ಹೊತ್ತು ತಂದೆ. ಎಲ್ಲಿಯೂ ಅದರ ಮೇಲೆ ನಿಲ್ಲಲಿಲ್ಲ. ಅವನ ಮಾತು ಗೊತ್ತಾಯಿತು. ನನ್ನದು ಏನು ಬರುತ್ತದೋ ಎಂದು ಹೆದರಿಕೆಯಾಯಿತು.

ಮನೆಗೆ ಬಂದು ಹಿಂದಿನ ಕೋಣೆಯ ಬಾಗಿಲು ತೆಗೆದೆ. ಅವನು ಹೋದ ಮೇಲೆ ತೆಗೆದಿರಲಿಲ್ಲ. ಸಂಜೆಯ ಬಿಸಿಲು ಕಿಟಕಿಯಿಂದ ಮಣ್ಣಿನ ಮೇಲೆ ಬಿದ್ದಿತ್ತು. ಕಡಪದ ಹೊಸ್ತಿಲು ದಾಟಿ ಒಳಗೆ ಕಾಲಿಟ್ಟೆ. ಅಲ್ಲಿ ನಾವು ಆಡಿದ ಜಗಳ ಎಷ್ಟೋ ಸಂಜೆಗಳದ್ದು. ನಕ್ಕದ್ದೂ ಅಷ್ಟೇ. ಯಾವ ನೆಲವೂ ನಮ್ಮನ್ನು ನಗಿಸಿರಲಿಲ್ಲ. ಕಾಲ ಕೆಳಗೆ ಮೊಸಾಯಿಕ್ ಇರಲಿಲ್ಲ, ಏನೂ ಇರಲಿಲ್ಲ. ನಾನು ಗೋಡೆಯಿಂದ ಗೋಡೆಗೆ ನಡೆದೆ. ಹತ್ತು ಹೆಜ್ಜೆ ಹಾಕುವ ಮೊದಲೇ ನಿರ್ಧಾರವಾಗಿತ್ತು.

ಗುರುವಾರ ಬೆಳಿಗ್ಗೆ ಮೌಲಾಲಿ ಮೇಸ್ತ್ರಿ ಕರಣೆ, ದಾರ, ಮಟ್ಟಗೋಲು ಸಮೇತ ಬಂದ. ಅತ್ತೆ ಸೆರಗು ಸಿಕ್ಕಿಸಿ ನಿಂತಿದ್ದರು. "ಹೇಳು ಬೇಟಾ" ಎಂದ.

"ಏನೂ ಬೇಡ ಚಾಚಾ. ಹೀಗೇ ಇರ್ಲಿ."

"ಹೀಗೇ ಅಂದ್ರೆ?"

"ಮಣ್ಣು."

ಮೇಸ್ತ್ರಿ ಅತ್ತೆಯ ಮುಖ ನೋಡಿದ. "ನಲವತ್ತು ವರ್ಷದಲ್ಲಿ ಯಾರೂ ಹಿಂಗೆ ಹೇಳಿಲ್ಲಮ್ಮ. ಇರುವೆ ಬರ್ತದೆ. ಮಳೆಗಾಲಕ್ಕೆ ಶೀತ. ಸೂರಿನ ಕೆಳಗೆ ಬರೀ ಮಣ್ಣು ಯಾರಾದ್ರೂ ಇಟ್ಕೋತಾರಾ? ಅದೇನು ಕೋಣೆನಾ, ಬೀದಿನಾ?"

"ಸರದಿ ಬೇರೆಯವರಿಗೆ ಕೊಡಿ. ಬಡಗಿ ಮನೆಯವರು ಕಾಯ್ತಿದಾರೆ."

"ಓದಿದ್ದು ಹೆಚ್ಚಾಯ್ತು ಈ ಹುಡುಗೀಗೆ" ಎಂದು ಅತ್ತೆ ನನ್ನನ್ನು ದಾಟಿ ಕೋಣೆಯೊಳಗೆ ಹೋದರು. ಮೂಲೆಯಲ್ಲಿ ಇರುವೆ ಎಲ್ಲಿ ಬರುತ್ತವೆಂದು ತೋರಿಸಲಿಕ್ಕೆ ಬಗ್ಗಿದರು. ಬಗ್ಗಿದವರು ಹಾಗೆಯೇ ಕುಳಿತರು. ಸ್ವಲ್ಪ ಹೊತ್ತು ಅವರ ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು. ಮೇಸ್ತ್ರಿ ರೂಢಿಯಂತೆ ಕಿಟಕಿಯ ಕಡೆ ತಿರುಗಿಕೊಂಡ.

ಅತ್ತೆ ಎದ್ದು ಬಂದು ಮೂಗು ಒರೆಸಿಕೊಂಡರು. "ಇಲ್ಲೇ ಆಗ್ತದಲ್ಲೇ" ಎಂದರು, ಹೊಸ ಒಲೆ ಹತ್ತಿಕೊಂಡಿತೆಂದು ಹೇಳುವ ದನಿಯಲ್ಲಿ. "ನೆರಳೂ ಐತೆ. ಮಧ್ಯಾಹ್ನ ಕಾಲು ಸುಡೋ ಗೋಳಿಲ್ಲ. ಮೌಲಾಲಿ, ನೀನು ಹೋಗಪ್ಪ. ಚಹಾ ಕುಡ್ಕೊಂಡು ಹೋಗು." ಚಹಾ ಕುಡಿಯುವಾಗ ಅವನು, ಇರುವೆಗೆ ಅರಿಶಿನ ಹಾಕಿ ಎಂದು ಹೇಳಿ ಹೋದ.

ಮರುದಿನ ಸಂಜೆ ಚಪ್ಪಡಿ ಹೊತ್ತುಕೊಂಡು ರೇಚಲಮ್ಮನ ಮನೆಗೆ ಹೋದೆ. ಅವರು ಅಂಗಳದಲ್ಲಿ ಸೇವಂತಿಗೆ ಗಿಡಗಳಿಗೆ ನೀರು ಹಾಕುತ್ತಿದ್ದರು. ಗೋಣಿ ನೋಡಿಯೇ ಗುರುತು ಹಿಡಿದರು.

"ಅಯ್ಯೋ, ನೀನ್ಯಾಕೆ ಹೊತ್ಕೊಂಡು ಬಂದೆ? ನಾನೇ ಬರ್ತಿದ್ದೆ. ಕೇಳೋಕೆ ಬಾಯಿ ಬರ್ಲಿಲ್ಲ ಕಣಮ್ಮ. ಭಾನುವಾರ ಮೊಮ್ಮಗಳನ್ನ ನೋಡೋಕೆ ಗಂಡಿನ ಕಡೆಯವರು ಬರ್ತಾರೆ. ಹುಡುಗನ್ನ ಇದರ ಮೇಲೆ ನಿಲ್ಲಿಸಿ ಸಂಬಳ, ಸಿಗರೇಟು ಎರಡೂ ಕೇಳ್ಬೇಕು. ಇಲ್ದಿದ್ರೆ ಆರು ತಿಂಗಳು ಇಟ್ಕೊ ಅಂತಿದ್ದೆ."

"ಅವರು ನಿಮ್ಮ ಹತ್ರ ಏನಂತ ಕೇಳಿ ತಂದ್ರು?"

"ಕುಬೇರನಾ? ಸ್ವಲ್ಪ ನನ್ನನ್ನ ನಾನು ವಿಚಾರಿಸ್ಕೊಬೇಕು ಸಿಸ್ಟರ್ ಅಂದ. ನಾನು, ಬಿ.ಪಿ. ನೋಡ್ಲೇನಪ್ಪ ಅಂದೆ." ನಕ್ಕರು. ನಗು ಅರ್ಧಕ್ಕೆ ನಿಲ್ಲಿಸಿ ಕೊಳಾಯಿ ಮುಚ್ಚಿದರು. "ಎರಡು ತಿಂಗಳಾದ್ರೂ ವಾಪಸ್ ಕೊಡ್ಲಿಲ್ಲ. ದಾರೀಲಿ ಸಿಕ್ಕಾಗ, ಇನ್ನೊಂದು ವಾರ ಸಿಸ್ಟರ್ ಅನ್ನೋನು."

ಗೋಣಿ ಬಿಚ್ಚಿ ಚಪ್ಪಡಿಯನ್ನು ಅವರ ಅಂಗಳದ ಮಣ್ಣಿನ ಮೇಲೆ ಇಟ್ಟೆ. ಅವರ ಕೈಗೆ ಕೊಟ್ಟು ತಿರುಗಿ ಬರಬಹುದಿತ್ತು. ಚಪ್ಪಲಿ ಬಿಟ್ಟೆ.

"ನಿಲ್ಲಲಾ ಅಮ್ಮ? ಒಂದೇ ನಿಮಿಷ."

"ನಿಂತ್ಕೊ. ನಾನು ಒಳಗೆ ಹೋಗ್ಲಾ?"

"ಬೇಡ. ಇರಿ."

ನಿಂತೆ. ಗಾರೆ ನುಣ್ಣಗಿತ್ತು, ತಿಕ್ಕಿಸಿಕೊಂಡ ಹಿಮ್ಮಡಿ ಉರಿಯಿತು. ಹನ್ನೊಂದು ದಿನದಿಂದ ಒಳಗಿಟ್ಟುಕೊಂಡ ಮಾತನ್ನು ಹೇಳಿಬಿಡೋಣ ಎಂದುಕೊಂಡೆ. ಹೇಳಿದರೆ ನಿಜ ಗೊತ್ತಾಗುತ್ತದೆ, ಗೊತ್ತಾದ ಮೇಲೆ ಅದರ ಜೊತೆ ಬದುಕಬಹುದು. ನನಗೆ ಅವನ ಮೇಲೆ ಪ್ರೀತಿ ಇರಲಿಲ್ಲ. ಇಷ್ಟೇ ಮಾತು.

"ನನಗೆ" ಎಂದೆ.

ಮುಂದೆ ಬರಲಿಲ್ಲ. ಮತ್ತೆ ಹೇಳಿದೆ. "ನನಗೆ ಅವನ ಮೇಲೆ." ನಾಲಿಗೆ ಅಲ್ಲಿಗೆ ನಿಂತಿತು. ಮೂರನೆಯ ಸಲ ಬಾಯಿ ಬರೀ ತೆರೆದುಕೊಂಡಿತು, ಮುಚ್ಚಿಕೊಂಡಿತು. ಎಷ್ಟು ಒತ್ತಿದರೂ ಆ ಮಾತು ಹೊರಡಲಿಲ್ಲ.

"ಸಾಕು ಬಿಡಮ್ಮ" ಎಂದರು ರೇಚಲಮ್ಮ. "ಬಾರದ ಮಾತನ್ನ ಯಾಕೆ ಎಳೀತೀಯಾ?"

ಕೆಳಗಿಳಿದೆ. ಬಗ್ಗಿ ಚಪ್ಪಡಿಯನ್ನು ಎರಡೂ ಕೈಯಲ್ಲಿ ಎತ್ತಿದೆ. ಅಷ್ಟರಲ್ಲಿ ಕಣ್ಣು ತುಂಬಿ ಮುಂದಿನ ಗಿಡ ಕಾಣದಾಯಿತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಮೊದಲು ಚಪ್ಪಡಿಯನ್ನು ಅವರಿಗೆ ಕೊಟ್ಟೆ.